ಮನೆಯ ಮೊದಲ ಪದವೀಧರೆ ಹೊರದೇಶಕ್ಕೆ ಹೊರಟಾಗ

ಅಪ್ಪ-ಅಮ್ಮ ಕಾಲೇಜಿನ ಮೆಟ್ಟಿಲು ಹತ್ತದ ಮನೆಯಿಂದ ಬಂದು ಪದವಿ ಓದುವವರು ಮೊದಲ ತಲೆಮಾರಿನ ವಿದ್ಯಾರ್ಥಿಗಳು. ಇಂಥವರು ಎಂ.ಎಸ್. ಮಾಡಲು ಅಮೆರಿಕಕ್ಕೋ ಜರ್ಮನಿಗೋ ಹೊರಟಾಗ ಅಂಕಗಳಿಗಿಂತ ಹೆಚ್ಚು ಕಾಡುವುದು ಕಾಗದಪತ್ರ. ಯಾವುದನ್ನು ಯಾವಾಗ ಮಾಡಿಸಬೇಕೆಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ.

ತೊಡಕು ಹೆಸರಿನಿಂದಲೇ ಶುರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಎಚ್.’ ಎಂದಿದ್ದರೆ, ಆ ‘ಎಚ್.’ ತಂದೆಯ ಹೆಸರೂ ಆಗಿರಬಹುದು, ಊರಿನ ಹೆಸರೂ ಆಗಿರಬಹುದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಉಳಿದರೆ ಅಮೆರಿಕದ ವೀಸಾ ಅದನ್ನು ಸರ್‌ನೇಮ್ ಎಂದು ಹಿಡಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಹೆಸರು ತಿಳಿಯದು’ ಎಂದು ಬರೆಯುತ್ತದೆ. ಪಾಸ್‌ಪೋರ್ಟ್ ಮಾಡಿಸುವ ದಿನ ಒಬ್ಬರು ಹೇಳಿದ್ದರೆ ತಪ್ಪುತ್ತಿದ್ದ ಕಷ್ಟವಿದು.

ದೊಡ್ಡ ಕಷ್ಟ ಬ್ಯಾಂಕಿನಲ್ಲಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಆಸ್ತಿಯ ಅಡಮಾನ ಬೇಕು. ಹೆಸರಾಂತ ಕೆಲವು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕವರಿಗೆ ಕೆಲವು ಬ್ಯಾಂಕುಗಳು ವಿನಾಯಿತಿ ಕೊಡುತ್ತವೆ. ಉಳಿದವರ ಪಾಲಿಗೆ ಅಪ್ಪ ಪಹಣಿ ಹಿಡಿದು ಬರುತ್ತಾರೆ: ಮೂರು ಎಕರೆ, ಒಂದು ಬೋರ್‌ವೆಲ್, ಬದುವಿನ ಮೇಲೆ ಒಂದಷ್ಟು ತೆಂಗು. ಮ್ಯಾನೇಜರ್ ಸಾಮಾನ್ಯವಾಗಿ ಕೇಳುವುದು ಮನೆ ಅಥವಾ ಸೈಟಿನ ಖಾತೆ ಮತ್ತು ಋಣಭಾರ ಪ್ರಮಾಣಪತ್ರ (ಇ.ಸಿ.). ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ಹರಾಜು ಹಾಕುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಕೊಟ್ಟಿದೆ. ಕೃಷಿ ಜಮೀನನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ರೈತನ ನೆಲ ಕಾಯುವ ನಿಯಮವೇ ರೈತನ ಮಗಳ ಸಾಲಕ್ಕೆ ಅಡ್ಡ ಬರುತ್ತದೆ. ನಿಯಮ ಸರಿಯೇ. ಆದರೆ ಅದರ ಬೆಲೆಯನ್ನು ಆ ಹುಡುಗಿಯೊಬ್ಬಳೇ ತೆರುವುದು ನ್ಯಾಯವಲ್ಲ.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ವಿದ್ಯಾರ್ಥಿ ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚನ್ನು ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಅದು ವಿದ್ಯಾರ್ಥಿಯ ಕೈಗೇ ಬರುತ್ತದೆ.

ವಿದ್ಯಾರ್ಥಿವೇತನದ ದಾರಿ ಹಳೆಯದು. ತಮ್ಮ ಮನೆಯಲ್ಲಿ ಮೊದಲು ಕಾಲೇಜು ಕಂಡ ಡಾ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ನೆರವಿನಿಂದ. ಇಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಇದು ತೀರಾ ಕಡಿಮೆ. ಅರ್ಜಿ ಹಾಕುವಾಗಲೇ ವಿದೇಶಿ ವಿಶ್ವವಿದ್ಯಾಲಯದ ಷರತ್ತಿಲ್ಲದ ಪ್ರವೇಶಪತ್ರ ಕೈಯಲ್ಲಿರಬೇಕು. ಅದನ್ನು ಪಡೆಯಲು ಕಟ್ಟುವ ಇಂಗ್ಲಿಷ್ ಪರೀಕ್ಷೆಯ ಫೀಸು, ಅರ್ಜಿ ಶುಲ್ಕ, ಟ್ರಾನ್ಸ್‌ಕ್ರಿಪ್ಟ್‌ನ ಖರ್ಚು ಅದಕ್ಕೂ ಮೊದಲೇ ಮನೆಯಿಂದ ಹೊರಡಬೇಕು.