ಹೆದ್ದಾರಿ ಸುಲಿಗೆಗೆ ಎಷ್ಟು ವರ್ಷ?

ನೆಲಮಂಗಲದ ಹೆದ್ದಾರಿಯಲ್ಲಿ ಹಗಲು ಲಾರಿ ತಡೆದು ಚಾಲಕನ ಹಣ ಸುಲಿದರೆ ಗರಿಷ್ಠ 10 ವರ್ಷ ಕಠಿಣ ಸಜೆ. ಸೂರ್ಯ ಮುಳುಗಿದ ಮೇಲೆ ಅದೇ ಕೃತ್ಯಕ್ಕೆ 14 ವರ್ಷದವರೆಗೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಮು ಹೀಗೆನ್ನುತ್ತದೆ. ಇದು 1860ರ ದಂಡ ಸಂಹಿತೆಯಿಂದ ಇಳಿದು ಬಂದ ಲೆಕ್ಕ. ಟೋಲ್ ಗೇಟಿನ ಕ್ಯಾಮೆರಾಗಳು ಬಂದರೂ ಕಾನೂನಿನ ಕತ್ತಲೆ ಕರಗಿಲ್ಲ. ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ, ದೊಡ್ಡಬಳ್ಳಾಪುರದ ಯಾವುದೋ ಮನೆಯೊಳಗೆ ಕದ್ದರೆ 7 ವರ್ಷದವರೆಗೆ. ಐವರು ಅಥವಾ ಹೆಚ್ಚು ಜನ ಸೇರಿ ಸುಲಿದರೆ ಡಕಾಯಿತಿ: ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಕಠಿಣ ಸಜೆ. ಇವೆಲ್ಲ ಮೇಲಿನ ಮಿತಿಗಳು. ಸುಲಿಗೆಗೆ ಕನಿಷ್ಠ ಎಷ್ಟು? ಕಾನೂನು ಸುಮ್ಮನಿದೆ. ಮಾರಕಾಸ್ತ್ರ ಬಳಸಿದಂಥ ಪ್ರಕರಣಗಳಲ್ಲಿ ಮಾತ್ರ 7 ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ.

ಈ ಅಗಲವೇ ತಪ್ಪೆಂದು ನನಗನ್ನಿಸುವುದಿಲ್ಲ. ಹಸಿದವನೂ ಕಸುಬಿನ ಸುಲಿಗೆಕೋರನೂ ಒಂದೇ ಅಲ್ಲ. ತಪ್ಪಿರುವುದು ಅದರೊಳಗೆ ಎಲ್ಲಿ ನಿಲ್ಲಬೇಕೆಂಬ ಸೂಚಿಯಿಲ್ಲದಿರುವುದರಲ್ಲಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಬೇಕೆಂದಿತ್ತು. ಹೊಸ ಸಂಹಿತೆ ಕಲಮುಗಳ ಸಂಖ್ಯೆ ಬದಲಿಸಿತು, ಈ ಕೊರತೆಯನ್ನು ಹಾಗೇ ಬಿಟ್ಟಿತು.

ಮಾರ್ಗಸೂಚಿ ನ್ಯಾಯಾಧೀಶರ ಕೈ ಕಟ್ಟುತ್ತದೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅಮೆರಿಕದ ಫೆಡರಲ್ ಕೋರ್ಟುಗಳ ಕಡ್ಡಾಯ ಕೋಷ್ಟಕವನ್ನು ಅಲ್ಲಿನ ಸುಪ್ರೀಂ ಕೋರ್ಟೇ 2005ರಲ್ಲಿ ಸಲಹೆಯ ಮಟ್ಟಕ್ಕಿಳಿಸಿತು. ನಮಗೂ ಸಲಹೆಯಷ್ಟೇ ಸಾಕು: ಗಾಯ, ಆಯುಧ, ಹಿಂದಿನ ಅಪರಾಧ, ಮರಳಿಸಿದ ಸೊತ್ತು ಇವುಗಳ ತೂಕ ಬರೆದಿರಲಿ, ಅದನ್ನು ಮೀರುವ ನ್ಯಾಯಾಧೀಶರು ತೀರ್ಪಿನಲ್ಲಿ ಕಾರಣ ಕೊಡಲಿ. ಆಗ ಮೇಲ್ಮನವಿಯಲ್ಲಿ ವಾದಿಸಲು ದೇವನಹಳ್ಳಿಯ ವಕೀಲರಿಗೂ ಒಂದು ಹಿಡಿ ಸಿಗುತ್ತದೆ.