ಬರೆದವರು ಇಲ್ಲೇ ಕೂತಿದ್ದಾರೆ!

ಪುಸ್ತಕ ಮೇಳಕ್ಕೆ ಹೋದ ತಂದೆ-ತಾಯಿಯರ ಕಾಲು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿದ್ದೀರಾ? ಗೈಡುಗಳ ಮುಂದೆ. ಅಲ್ಲಿಂದ ಇಂಗ್ಲಿಷ್-ಕನ್ನಡ ನಿಘಂಟು. ಆಮೇಲೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು. ಮಕ್ಕಳ ಕಥೆಪುಸ್ತಕದ ಸರದಿ ಬರುವಷ್ಟರಲ್ಲಿ ಪರ್ಸು ತೆಳ್ಳಗಾಗಿರುತ್ತದೆ, ಬಸ್ಸಿನ ಹೊತ್ತೂ ಆಗಿರುತ್ತದೆ. ‘ಮುಂದಿನ ಸಲ ನೋಡೋಣ ಮರಿ’ ಎಂದು ಮಗುವಿನ ಕೈ ಹಿಡಿದು ಎಳೆದುಕೊಂಡು ಹೋಗುವ ದೃಶ್ಯವನ್ನು ಮೂವತ್ತು ವರ್ಷಗಳ ಮಾಸ್ತರಿಕೆಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಆದರೆ ಹಳೆಯ ವಿದ್ಯಾರ್ಥಿಗಳೂ ಊರಿನವರೂ ಸೇರಿ ಶಾಲೆಯ ಅಂಗಳದಲ್ಲಿ ನಡೆಸುವ ಸಣ್ಣ ಪುಸ್ತಕ ಸಂತೆಗಳಲ್ಲಿ ಒಂದು ಬೇರೆ ನೋಟ ನನ್ನ ಕಣ್ಣಿಗೆ ಬಿದ್ದಿದೆ. ಶಾಮಿಯಾನದ ಒಂದು ಮೂಲೆಯಲ್ಲಿ ತರಗತಿಯಿಂದ ತಂದ ಒಂದು ಮೇಜು, ಎರಡು ಕುರ್ಚಿ. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಬೋರ್ಡು: ‘ಲೇಖಕರ ಸಹಿ ಇರುವ ಮಕ್ಕಳ ಪುಸ್ತಕಗಳು’. ಮೇಜಿನ ಹಿಂದೆ ಲೇಖಕರೋ ಲೇಖಕಿಯೋ ಒಬ್ಬರು ಕೂತಿರುತ್ತಾರೆ. ಪಕ್ಕದಲ್ಲಿ ಒಂದು ಚೊಂಬು ನೀರು, ಒಂದು ಪೆನ್ನು. ಮೊದಲ ಅರ್ಧ ಗಂಟೆ ಯಾರೂ ಹತ್ತಿರ ಸುಳಿಯುವುದಿಲ್ಲ. ಮಕ್ಕಳು ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಾರೆ. ಯಾವನೋ ಒಬ್ಬ ಧೈರ್ಯಶಾಲಿ ಹೋಗಿ, ‘ಇದನ್ನು ನೀವೇ ಬರೆದದ್ದಾ?’ ಎಂದು ಕೇಳಿದನೋ, ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿಗೂ ಆ ಸಾಲು ಕರಗುವುದಿಲ್ಲ.

ಇಂಥ ಒಂದು ಸಂತೆಯಲ್ಲಿ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: ‘ಅಲ್ಲಾ ಮೇಷ್ಟ್ರೇ, ಸಹಿ ಹಾಕಿಸಿಕೊಂಡರೆ ಹುಡುಗನಿಗೆ ಏನು ಲಾಭ?’ ಕೇಳಬೇಕಾದ ಪ್ರಶ್ನೆಯೇ. ಕಷ್ಟಪಟ್ಟು ಸಂಪಾದಿಸಿದ ದುಡ್ಡು ಅದು. ಅಲ್ಲಿ ಗದ್ದಲದ ನಡುವೆ ಕೊಡಲಾಗದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಕೊಡಲು ಯತ್ನಿಸುತ್ತೇನೆ.

ಏಳನೆಯ ತರಗತಿಯ ಮಕ್ಕಳನ್ನು ‘ನಿಮಗೆ ಗೊತ್ತಿರುವ ಸಾಹಿತಿಗಳ ಹೆಸರು ಹೇಳಿ’ ಎಂದು ಕೇಳಿ ನೋಡಿ. ಕುವೆಂಪು, ಬೇಂದ್ರೆ, ಮಾಸ್ತಿ ಎಂದು ಪಟಪಟನೆ ಹೇಳುತ್ತಾರೆ. ಶಾಲೆಯ ಗೋಡೆಯ ಮೇಲೆ ಜ್ಞಾನಪೀಠದವರ ಸಾಲು ಫೋಟೋ ಇದೆಯಲ್ಲ, ಅದರ ಪುಣ್ಯ. ‘ಈಗ ಬದುಕಿರುವವರ ಹೆಸರು ಹೇಳಿ’ ಎಂದರೆ ತರಗತಿ ತಣ್ಣಗಾಗುತ್ತದೆ. ಪುಸ್ತಕ ಬರೆಯುವವರೆಂದರೆ ಫೋಟೋದಲ್ಲಿರುವವರು, ಹಾರ ಹಾಕಿಸಿಕೊಂಡವರು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪಠ್ಯಪುಸ್ತಕವಂತೂ ಅವರ ಪಾಲಿಗೆ ಯಾರೂ ಬರೆದದ್ದಲ್ಲ. ಅದು ಜೂನ್ ತಿಂಗಳಲ್ಲಿ ಮಳೆಯ ಹಾಗೆ ಬರುವ ವಸ್ತು.

ಇಂಥ ಮಗುವಿನ ಮುಂದೆ, ಅದೇ ಬೆಳಿಗ್ಗೆ ಕೆಂಪು ಬಸ್ಸಿನಲ್ಲಿ ಬಂದಿಳಿದ, ಕನ್ನಡಕ ಒರೆಸಿಕೊಳ್ಳುತ್ತಿರುವ, ಕಾಫಿ ಆರಿತೆಂದು ಮುಖ ಹುಳ್ಳಗೆ ಮಾಡುವ ಒಬ್ಬ ಮನುಷ್ಯ ಕೂತು, ‘ನಿನ್ನ ಹೆಸರು ಶ್ರೇಯಾ ಅಂತಲೋ ಶ್ರೇಯ ಅಂತಲೋ? ಕೊನೆಗೆ ದೀರ್ಘ ಇದೆಯಾ?’ ಎಂದು ಕೇಳಿ ಬರೆದುಕೊಡುತ್ತಾರೆ. ಬಾಕಿ ಪ್ರತಿಗಳೆಲ್ಲ ಒಂದೇ ಅಚ್ಚಿನವು. ಈ ಒಂದು ಪ್ರತಿ ಮಾತ್ರ ತನ್ನದು ಎಂದು ಆ ಮಗುವಿಗೆ ಅನ್ನಿಸುತ್ತದೆ. ಮನೆಗೆ ಹೋದ ಮೇಲೆ ಅದು ಓದುತ್ತದೆ. ಒಂದು ಸಲ ಮಾತನಾಡಿಸಿದವರ ಮಾತನ್ನು ಇನ್ನೊಂದಿಷ್ಟು ಕೇಳೋಣ ಎಂಬ ಕುತೂಹಲ ಅದಕ್ಕೆ. ತರಗತಿಯಲ್ಲಿ ಪುಸ್ತಕವೆಂದರೆ ಮುಖ ತಿರುಗಿಸುತ್ತಿದ್ದ ಹುಡುಗರೂ ಹೀಗೆ ಓದಿದ್ದನ್ನು ನಾನು ಕಂಡಿದ್ದೇನೆ.

ಲೇಖಕರನ್ನು ಕರೆಸುವುದು ದೊಡ್ಡ ಊರಿನವರ ಕೆಲಸ ಎಂದುಕೊಳ್ಳಬೇಡಿ. ಮಸ್ಸೂರಿಯ ಮಾಲ್ ರಸ್ತೆಯ ಕೇಂಬ್ರಿಜ್ ಬುಕ್ ಡಿಪೊದಲ್ಲಿ ರಸ್ಕಿನ್ ಬಾಂಡ್ ಎಷ್ಟೋ ವರ್ಷ ಶನಿವಾರದ ಮಧ್ಯಾಹ್ನಗಳಲ್ಲಿ ಕೂತು ಮಕ್ಕಳಿಗೆ ಸಹಿ ಹಾಕಿಕೊಟ್ಟರು. ಅವರು ಆ ಊರಿನವರೇ ಆಗಿದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲೂ ಮಕ್ಕಳಿಗಾಗಿ ಬರೆಯುವವರು ಹೆಚ್ಚಾಗಿ ಸಣ್ಣ ಊರುಗಳಲ್ಲೇ ಇದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2022ರಲ್ಲಿ ಕನ್ನಡಕ್ಕೆ ಅದನ್ನು ತಂದ ‘ಬಾವಲಿ ಗುಹೆ’ಯ ತಮ್ಮಣ್ಣ ಬೀಗಾರರು ಉತ್ತರ ಕನ್ನಡದ ಸಿದ್ದಾಪುರದವರು, ಶಾಲಾ ಶಿಕ್ಷಕರಾಗಿದ್ದವರು. 2023ರಲ್ಲಿ ವಿಜಯಶ್ರೀ ಹಾಲಾಡಿ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ. ಹೆಸರಿನಲ್ಲೇ ಊರು ಅಂಟಿಕೊಂಡಿದೆ ನೋಡಿ! ನಿಮ್ಮ ತಾಲ್ಲೂಕಿನಲ್ಲೋ ಪಕ್ಕದ ತಾಲ್ಲೂಕಿನಲ್ಲೋ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬಸ್ ಚಾರ್ಜು, ಮಧ್ಯಾಹ್ನ ಒಂದು ಚಿತ್ರಾನ್ನ-ಮೊಸರನ್ನದ ಊಟ, ಇಷ್ಟೇ ಖರ್ಚು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಳೆಯ ಕಾಯಿಲೆ. ಶಾಲಾ ವಾರ್ಷಿಕೋತ್ಸವಕ್ಕೆ ದೂರದರ್ಶನದ ಮುಖವೇ ಬೇಕು ಎನ್ನುತ್ತೇವೆ, ಎರಡು ಬೀದಿ ಆಚೆ ಇರುವ ಕಥೆಗಾರರ ಮನೆ ನಮಗೆ ಗೊತ್ತಿರುವುದಿಲ್ಲ.

ಬರೆದವರೇ ಪುಸ್ತಕ ಹೊತ್ತು ಓದುಗರ ಬಳಿಗೆ ಹೋಗುವುದು ಕನ್ನಡಕ್ಕೆ ಹೊಸದೂ ಅಲ್ಲ. ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲಾ ಮಾಸ್ತರರಾಗಿದ್ದವರು. ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮಕ್ಕಳ ಕಥೆ, ಪದ್ಯಗಳಿಗೆ ಹೆಸರಾದ ಪಂಜೆ ಮಂಗೇಶರಾಯರು (1874–1937) ಶಾಲಾ ಇನ್ಸ್‌ಪೆಕ್ಟರರಾಗಿದ್ದರು. ಇನ್ಸ್‌ಪೆಕ್ಟರ್ ಬಂದರೆಂದರೆ ಮೇಷ್ಟ್ರುಗಳೇ ನಡುಗುತ್ತಿದ್ದ ಕಾಲದಲ್ಲಿ, ಓದುವ ಮಕ್ಕಳ ನಡುವೆ ಬರೆಯುವವರೇ ಓಡಾಡುತ್ತಿದ್ದರು ಎಂಬುದು ಎಂಥ ಸೊಗಸು! ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಮಕ್ಕಳಿಗೆ ವಿಶ್ವಕೋಶ ಬೇಕೆಂದು ಒಬ್ಬ ಮನುಷ್ಯ ಒಂಟಿಯಾಗಿ ಹೊರಟ ಸಾಹಸ ಅದು. ಜಿ.ಪಿ. ರಾಜರತ್ನಂ ಅವರೂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಮಾರಿದವರು.

ಅವರೆಲ್ಲ ಹೀಗೇಕೆ ಮಾಡಿದರು? ಇದಕ್ಕೆ ಒಂದು ಗಣಿತವಿದೆ. ಸಹಿ ಹಾಕುತ್ತಿದ್ದ ಲೇಖಕರೊಬ್ಬರನ್ನು ಆರನೆಯ ತರಗತಿಯ ಹುಡುಗನೊಬ್ಬ, ‘ನಿಮಗೆ ಇದರಿಂದ ಎಷ್ಟು ದುಡ್ಡು ಸಿಗುತ್ತೆ ಸರ್?’ ಎಂದು ಕೇಳಿಯೇಬಿಟ್ಟ. ದೊಡ್ಡವರೆಲ್ಲ ‘ಶ್ಶ್!’ ಎಂದರು. ಲೇಖಕರು ನಕ್ಕು, ಹುಡುಗನ ಕೈಯಲ್ಲೇ ಲೆಕ್ಕ ಮಾಡಿಸಿದರು. ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಿ. ಕನ್ನಡ ಪುಸ್ತಕವೊಂದು ಒಂದು ಮುದ್ರಣಕ್ಕೆ ಸಾಮಾನ್ಯವಾಗಿ 1000 ಪ್ರತಿ. ಲೇಖಕರಿಗೆ ರೂಢಿಯಲ್ಲಿ ಮುಖಬೆಲೆಯ ನೂರಕ್ಕೆ 10ರಷ್ಟು ಗೌರವಧನ. ಪುಸ್ತಕದ ಬೆಲೆ 80 ರೂಪಾಯಿ ಎಂದಿಟ್ಟುಕೊಂಡರೆ ಪ್ರತಿಗೆ 8 ರೂಪಾಯಿ. ಅಷ್ಟೂ ಖರ್ಚಾದರೆ 8000. ಖರ್ಚಾಗಲು ಮೂರು ವರ್ಷ ಹಿಡಿಯಿತೆನ್ನಿ, ತಿಂಗಳಿಗೆ ಸುಮಾರು 222 ರೂಪಾಯಿ. ಚಿತ್ರ ಬರೆದವರ ಪಾಲು ಇನ್ನೂ ಕಡಿಮೆ ಇದ್ದೀತು. ಹುಡುಗ ಒಂದು ಕ್ಷಣ ಯೋಚಿಸಿ, ‘ನಮ್ಮಪ್ಪ ಟೀ ಅಂಗಡಿಯಲ್ಲಿ ಅದಕ್ಕಿಂತ ಜಾಸ್ತಿ ಬರುತ್ತೆ’ ಎಂದ. ಹೌದಪ್ಪ ಹೌದು!

ಹೀಗಿರುವಾಗ ಸಂತೆಯಲ್ಲಿ 60 ಪ್ರತಿ ಹೋದರೆ ಅದು ಆ ಪುಸ್ತಕದ ಆಯುಷ್ಯವನ್ನೇ ಬದಲಿಸುತ್ತದೆ. ಮೊದಲ ಮುದ್ರಣ ತೀರಿದರೆ ತಾನೇ ಎರಡನೆಯದು? ಅದಕ್ಕೇ ಸಹಿಯ ಮೇಜಿನ ಮುಂದೆ ನಿಂತು ‘ಅರ್ಧ ಬೆಲೆಗೆ ಕೊಡಿ’ ಎಂದು ಚೌಕಾಸಿ ಮಾಡುವುದನ್ನು ಕಂಡರೆ ನನಗೆ ಸರಿಬರುವುದಿಲ್ಲ. ರಿಯಾಯಿತಿ ಕೊಡಬಾರದೆಂದಲ್ಲ. ಪ್ರಕಾಶಕರು ಸಗಟಾಗಿ ನೂರಕ್ಕೆ 30 ಬಿಟ್ಟರೆ, ಅದರಲ್ಲಿ 10ನ್ನು ಮಕ್ಕಳಿಗೆ ಬಿಟ್ಟುಕೊಟ್ಟು 20ನ್ನು ಶಾಲೆಯ ಗ್ರಂಥಾಲಯಕ್ಕೆ ಇಟ್ಟುಕೊಳ್ಳಬಹುದು. 80 ರೂಪಾಯಿಯ ಪುಸ್ತಕ 72ಕ್ಕೆ ಹೋಗುತ್ತದೆ, ಪ್ರತಿಗೆ 16 ರೂಪಾಯಿ ಕಪಾಟಿಗೆ ಸೇರುತ್ತದೆ. ನೂರು ಪ್ರತಿ ಮಾರಿದರೆ 1600 ರೂಪಾಯಿಯ ಹೊಸ ಪುಸ್ತಕ.

ನಡೆಸುವವರಿಗೆ ಇನ್ನೆರಡು ಮಾತು. ಉದ್ಘಾಟನಾ ಭಾಷಣಗಳನ್ನು ದಯವಿಟ್ಟು ಮೊಟಕುಗೊಳಿಸಿ. ಹನ್ನೊಂದು ಜನ ವೇದಿಕೆಯ ಮೇಲೆ ಕೂತು ಒಬ್ಬೊಬ್ಬರೂ ‘ದೇಶ ಸುತ್ತು, ಕೋಶ ಓದು’ ಎಂದು ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಬಿಸಿಲಿಗೆ ಬಾಡಿ, ಪುಸ್ತಕದ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದು, ಸಹಿಯನ್ನು ಮೊದಲೇ ಹಾಕಿಸಿ ಕಟ್ಟುಕಟ್ಟಾಗಿ ಜೋಡಿಸಿಡಬೇಡಿ. ರಬ್ಬರ್ ಮೊಹರಿನ ಸಹಿಯಂತೂ ಬೇಡವೇ ಬೇಡ. ಅದು ಪಡಿತರ ಚೀಟಿಗೆ ಸಾಕು.

ಪೋಷಕರಿಗೆ ನನ್ನದೊಂದು ವಿನಂತಿ. ಮಗುವಿನ ಕೈಗೆ ನೂರು ರೂಪಾಯಿ ಕೊಟ್ಟು ನೀವು ಎರಡು ಮಾರು ದೂರ ನಿಲ್ಲಿ. ಅದು ತೆಳ್ಳಗಿನ, ಬರೀ ಚಿತ್ರದ ಪುಸ್ತಕವನ್ನು ಆರಿಸಿದರೂ ಗೊಣಗಬೇಡಿ. ‘ಪುಟ ಎಷ್ಟಿದೆ?’ ಎಂದು ಎಣಿಸುವುದು ಬಟ್ಟೆ ಅಂಗಡಿಯ ಅಭ್ಯಾಸ. ಹಾಗೆಯೇ, ಸಹಿ ಇದೆಯೆಂದು ಅದನ್ನು ಷೋಕೇಸಿನೊಳಗೆ ಬಂದೋಬಸ್ತು ಮಾಡಬೇಡಿ. ವಿದೇಶಗಳಲ್ಲಿ ಸಹಿ ಇರುವ ಪುಸ್ತಕಗಳನ್ನು ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರವೇ ಇದೆ. ನಮ್ಮಲ್ಲಿ ಅದು ಅಷ್ಟಾಗಿ ಬೆಳೆಯದಿರುವುದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಮೂಲೆ ಮಡಚಿದ, ಸಾರಿನ ಕಲೆ ಬಿದ್ದ ಸಹಿಯ ಪುಸ್ತಕ ಮನೆಯಲ್ಲಿದ್ದರೆ ನಿಮ್ಮ ದುಡ್ಡು ವಸೂಲಾಗಿದೆ ಎಂದೇ ತಿಳಿಯಿರಿ.

ಸಾರಿನ ಕಲೆ ಬೀಳಲಿ, ಸಹಿ ಮಾತ್ರ ಉಳಿಯಲಿ ಎನ್ನುವಿರಾ? ವಿಜ್ಞಾನದ ಮೇಷ್ಟ್ರು ಇಲ್ಲಿ ಸ್ವಲ್ಪ ಬಾಯಿ ಹಾಕಲೇಬೇಕು. ಇಂಕ್ ಪೆನ್ನಿನ ಸಾಮಾನ್ಯ ನೀಲಿ ಶಾಯಿ ನೀರಿನಲ್ಲಿ ಕರಗಿದ ಬಣ್ಣ. ಒದ್ದೆ ಕೈ ತಾಗಿದರೆ ಹರಡುತ್ತದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥ ದ್ರವದಲ್ಲಿ ಕಲಸಿದ ಅಂಟು. ನೀರಿಗೆ ಹೆದರುವುದಿಲ್ಲ, ಆದರೆ ಬಹುಕಾಲ ಬಿಸಿಲಿಗಿಟ್ಟರೆ ಮಾಸುತ್ತದೆ. ಇಂಗಾಲದ ಕಣಗಳಿರುವ ಕಪ್ಪು ಪಿಗ್ಮೆಂಟ್ ಶಾಯಿಯೇ ಹೆಚ್ಚು ಬಾಳಿಕೆಯದು. ಬೆಳಕು ಇಂಗಾಲವನ್ನು ಸುಲಭಕ್ಕೆ ಕೆಡಿಸದು. ಮಕ್ಕಳ ಚಿತ್ರಪುಸ್ತಕಗಳ ನುಣುಪು ಕಾಗದ ಶಾಯಿಯನ್ನು ಬೇಗ ಹೀರಿಕೊಳ್ಳುವುದಿಲ್ಲ. ಆದ್ದರಿಂದ ಸಹಿಯಾದ ಕೂಡಲೇ ಪುಸ್ತಕ ಮುಚ್ಚಿದರೆ ಎದುರು ಪುಟದಲ್ಲಿ ಅದರ ಪಡಿಯಚ್ಚು ಮೂಡುತ್ತದೆ. ಒಂದೆರಡು ನಿಮಿಷ ತೆರೆದಿಡಿ, ಅಥವಾ ನಮ್ಮ ಕಾಲದ ಒತ್ತುಕಾಗದ ಸಿಕ್ಕರೆ ಬಳಸಿ.

ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟು. ಕಾಯಿಯಲ್ಲಿರುವ ಟ್ಯಾನಿನ್ ಜೊತೆ ಕಬ್ಬಿಣ ಕೂಡಿ, ಗಾಳಿಯ ಆಮ್ಲಜನಕ ತಾಗಿದಾಗ ನೀರಿನಲ್ಲಿ ಕರಗದ ಕಪ್ಪು ವಸ್ತುವಾಗುತ್ತದೆ. ಬರೆಯುವಾಗ ಪೇಲವವಾಗಿದ್ದ ಅಕ್ಷರ ಬರೆದ ಮೇಲೆ ಕಪ್ಪೇರುವ ಚಮತ್ಕಾರ ಇದರಿಂದಲೇ. ಮಕ್ಕಳೇ, ಮನೆಯಲ್ಲೇ ಇದರ ತಮ್ಮನನ್ನು ತಯಾರಿಸಬಹುದು. ನಾಲ್ಕಾರು ಕಬ್ಬಿಣದ ಮೊಳೆಗಳನ್ನು ಸ್ವಲ್ಪ ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿ. ಮುಚ್ಚಳ ಬಿಗಿಯಬೇಡಿ, ಒಳಗೆ ಹೈಡ್ರೊಜನ್ ಅನಿಲ ಹುಟ್ಟುತ್ತದೆ. ಆ ದ್ರವವನ್ನು ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್ನಿಗೆ ಹನಿಹನಿಯಾಗಿ ಬಿಡಿ. ಚಹಾ ಕಪ್ಪಗಾಗುತ್ತದೆ. ಕಡ್ಡಿ ಅದ್ದಿ ನಿಮ್ಮ ಸಹಿ ನೀವೇ ಹಾಕಿ ನೋಡಿ. ಕುಡಿಯುವ ಲೋಟದಲ್ಲಿ ಮಾತ್ರ ಮಾಡಬೇಡಿ, ಅಮ್ಮನ ಬೈಗುಳಕ್ಕೆ ನಾನು ಹೊಣೆಯಲ್ಲ.

ಈ ಮೇಜುಗಳ ಬಳಿ ಕಂಡವುಗಳಲ್ಲಿ ನನಗೆ ಬಹಳ ಹಿಡಿಸಿದ ಒಂದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಪುಸ್ತಕ ಕೊಂಡು ಸಹಿ ಹಾಕಿಸಿಕೊಂಡು ಹೋಗಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನ ಮತ್ತೆ ಬಂದಳು. ಹುಣಸೆಮರದ ಕೆಳಗೆ ಕೂತು ಅಷ್ಟನ್ನೂ ಓದಿ ಮುಗಿಸಿದ್ದಳು. ಬೆರಳಿಟ್ಟುಕೊಂಡು ಬಂದಿದ್ದ ಪುಟವನ್ನು ತೆರೆದು ಲೇಖಕಿಯ ಮುಂದೆ ಹಿಡಿದಳು. ‘ಮೇಡಂ, ಇಲ್ಲಿ ಸಂಜೆ ಬಿದಿಗೆ ಚಂದ್ರ ಪೂರ್ವದ ಗುಡ್ಡದ ಮೇಲೆ ಹುಟ್ಟಿದ ಅಂತ ಇದೆ. ಬಿದಿಗೆ ಚಂದ್ರ ಸಂಜೆ ಪಶ್ಚಿಮದಲ್ಲಿ ಅಲ್ವಾ ಕಾಣೋದು? ಸೂರ್ಯನ ಹಿಂದೆಯೇ ಮುಳುಗುತ್ತಾನಲ್ಲ?’

ಸಾಲಿನಲ್ಲಿದ್ದವರೆಲ್ಲ ಗಪ್‌ಚಿಪ್. ಲೇಖಕಿ ಆ ಸಾಲನ್ನು ಎರಡು ಸಲ ಓದಿಕೊಂಡರು. ಕಣ್ಣು ಮುಚ್ಚಿ ಏನೋ ನೆನೆದುಕೊಂಡರು, ತಮ್ಮ ಮನೆಯ ಹಿತ್ತಲನ್ನೇ ಇರಬೇಕು. ಆಮೇಲೆ ಪೆನ್ನು ತೆಗೆದು ‘ಪೂರ್ವ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಪಶ್ಚಿಮ’ ಎಂದು ಬರೆದರು. ಅಂಚಿನಲ್ಲಿ ಹುಡುಗಿಯ ಹೆಸರು ಬರೆದು, ತಾರೀಖು ಹಾಕಿ, ಎರಡನೆಯ ಸಹಿ ಮಾಡಿಕೊಟ್ಟರು. ‘ಮರುಮುದ್ರಣದಲ್ಲಿ ಸರಿ ಮಾಡಿಸುತ್ತೇನಮ್ಮ’ ಎಂದರು.

ಆ ಸಂಜೆ ಉಳಿದ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವಾಗ ವಿಚಾರಿಸಿದೆ. ಅಚ್ಚಾದ ಸಾವಿರದಲ್ಲಿ ಇನ್ನೂ ಆರುನೂರಕ್ಕೂ ಮೇಲೆ ಮನೆಯಲ್ಲಿವೆಯಂತೆ. ಅವು ತೀರುವವರೆಗೆ ಚಂದ್ರ ಸರಿಯಾದ ದಿಕ್ಕಿನಲ್ಲಿರುವುದು ಆ ಹುಡುಗಿಯ ಪ್ರತಿಯಲ್ಲಿ ಮಾತ್ರ.