ಪದವಿ ತರಗತಿಗಳಲ್ಲಿ ಇಸ್ಲಾಂ: ನಾಗಮಂಗಲ ಸೀಮೆಯ ಆಕರಗಳು

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಹಾಗೂ ಕ್ರೈಸ್ತಧರ್ಮಗಳ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗಗಳಿವೆ. ಸಾಮಾನ್ಯ ಪದವಿ ಕಾಲೇಜುಗಳಲ್ಲಾದರೋ ಇಸ್ಲಾಂ ಬಹುಮಟ್ಟಿಗೆ ಇತಿಹಾಸದ ಪಠ್ಯದ ಮೂಲಕವೇ ಪ್ರವೇಶಿಸುತ್ತದೆ. ಪರಿಣಾಮವಾಗಿ ವಿದ್ಯಾರ್ಥಿಗೆ ಸುಲ್ತಾನರ ವಂಶಾವಳಿ, ಯುದ್ಧಗಳ ಇಸವಿಗಳು ದೊರೆಯುತ್ತವೆ. ನಮಾಜು, ರೋಜಾ, ಜಕಾತುಗಳ ಅರ್ಥ ದೊರೆಯುವುದಿಲ್ಲ.

ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ಸಂವಿಧಾನದ 28ನೆಯ ವಿಧಿ ನಿಷೇಧಿಸುವುದರಿಂದ ಅಧ್ಯಾಪಕರು ಅಳುಕುವುದುಂಟು. ಆದರೆ ಧರ್ಮಗಳ ಕುರಿತ ಅಧ್ಯಯನ ಈ ನಿಷೇಧಕ್ಕೆ ಒಳಪಡದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ.

ಈ ಅಧ್ಯಯನಕ್ಕೆ ಬೇಕಾದ ಆಕರಗಳು ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಆಸುಪಾಸಿನಲ್ಲಿಯೇ ಇವೆ. ಶ್ರೀರಂಗಪಟ್ಟಣದ ಟಂಕಸಾಲೆಯ ನಾಣ್ಯವೊಂದನ್ನೇ ತೆಗೆದುಕೊಳ್ಳಬಹುದು. ಪ್ರವಾದಿ ಮುಹಮ್ಮದರು 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ವಲಸೆ ಹೋದುದರಿಂದ ಆರಂಭವಾಗುವ ಹಿಜರಿ ಶಕೆಯನ್ನು ಟಿಪ್ಪು ಮೊದಲಿಗೆ ನಾಣ್ಯಗಳಲ್ಲಿ ಬಳಸಿದನು. 1780ರ ದಶಕದಲ್ಲಿಯೇ ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಗೆ ಹೊರಳಿದನು. ಹಿಜರಿ ವರ್ಷವು ಅಧಿಕಮಾಸವಿಲ್ಲದ, ಸುಮಾರು 354 ದಿನಗಳ ಚಾಂದ್ರಮಾನ. ಆದುದರಿಂದಲೇ ರಂಜಾನ್ ವರ್ಷಕ್ಕೆ ಹನ್ನೊಂದು ದಿನಗಳಷ್ಟು ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಕಂದಾಯವಾದರೋ ಸುಗ್ಗಿಯನ್ನು ಬಿಟ್ಟು ಅಲೆಯಲಾರದು. ಹೊಸ ಪಂಚಾಂಗವು ಚಾಂದ್ರ-ಸೌರಮಾನವಾಗಿದ್ದು, ಇಲ್ಲಿನ ಅರವತ್ತು ಸಂವತ್ಸರಗಳ ಚಕ್ರವನ್ನು ಉಳಿಸಿಕೊಂಡು ಅವಕ್ಕೆ ಬೇರೆ ಹೆಸರುಗಳನ್ನಿತ್ತಿತು. ಧರ್ಮವೊಂದು ನೆಲದ ಬೇಸಾಯಕ್ಕೆ ಹೊಂದಿಕೊಂಡ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಆಕರ ಅಪರೂಪ.

680ರ ಕರ್ಬಲಾದಲ್ಲಿ ಹುಸೇನರು ಹತರಾದುದರ ಸ್ಮರಣೆಯಾದ ಮೊಹರಂ ಹಳೆಯ ಮೈಸೂರು ಸೀಮೆಯಲ್ಲಿ ಬಾಬಯ್ಯನ ಹಬ್ಬವಾಗಿದೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಕೃತಿ ಇಂಥ ಜನಪದ ನೆಲೆಗಳನ್ನು ಅರಿಯಲು ನೆರವಾಗುತ್ತದೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ ನಂಬಿನಾರಾಯಣ ದೇವಾಲಯವಿರುವಂತೆ ದರ್ಗಾವೂ ಇದೆ. ದರ್ಗಾಸೇವೆಯನ್ನು ಒಪ್ಪದ ಮುಸಲ್ಮಾನರೂ ಇದ್ದಾರೆಂಬುದನ್ನು ಮುಚ್ಚಿಟ್ಟರೆ ಪಾಠ ಅಪೂರ್ಣವಾಗುತ್ತದೆ. ಸೌಹಾರ್ದದ ಚಿತ್ರವಷ್ಟೇ ಇಸ್ಲಾಂ ಅಲ್ಲ, ಯುದ್ಧದ ಚಿತ್ರವೂ ಅಲ್ಲ.

2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ವೇಳೆ ಘರ್ಷಣೆಯಾಗಿ ಅಂಗಡಿಗಳು ಸುಟ್ಟುಹೋದವು. ಇಂಥ ಊರಿನ ತರಗತಿಯಲ್ಲಿ ಇಸ್ಲಾಂ ಪ್ರಸ್ತಾಪವಾದೊಡನೆ ಮುಸ್ಲಿಂ ವಿದ್ಯಾರ್ಥಿಯತ್ತ ತಿರುಗಿ ವಿವರಣೆ ಕೇಳುವುದು ತರವಲ್ಲ. ಆತ ಸಾಕ್ಷಿಯೂ ಅಲ್ಲ, ಆರೋಪಿಯೂ ಅಲ್ಲ, ಸಹಪಾಠಿಗಳಂತೆ ಕಲಿಯಲು ಬಂದವನು. ಮೌಲೂದಿ ನಾಣ್ಯದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು: ಎಡದಿಂದ 5121 ಎಂದು ಕಾಣುವುದು 1215. ಅದಕ್ಕೆ 572 ಕೂಡಿಸಿದರೆ 1787 ಎಂಬ ಇಸವಿ ದೊರೆಯುತ್ತದೆ. ಈ ಲೆಕ್ಕವನ್ನು ತರಗತಿಯ ಯಾರಿಗಾದರೂ ಕೊಡಬಹುದು.